ಟೊಂಕ ಕಟ್ಟೋದು ಮರೆತವರು

ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಸುಮ್ಮನೆ ಅರ್ಧ ಗಂಟೆ ನಿಂತು ನೋಡಿ. ಕುಕ್ಕೆ, ಕಳಸ, ಚಿಕ್ಕಮಗಳೂರಿನ ಬಸ್ಸುಗಳ ಸುತ್ತ ನಮ್ಮಂಥವರದ್ದೇ ಜಾತ್ರೆ. ಐವತ್ತು ಲೀಟರ್, ಅರವತ್ತು ಲೀಟರ್ ಬ್ಯಾಗುಗಳು, ಹೊಸ ಶೂಗಳು, ತಲೆಗೆ ಕಟ್ಟಿಕೊಳ್ಳೋ ಟಾರ್ಚುಗಳು. ಆದರೆ ಬ್ಯಾಗಿನ ಸೊಂಟದ ಪಟ್ಟಿ ಮಾತ್ರ ಎರಡೂ ಕಡೆ ಕತ್ತೆ ಕಿವಿ ಥರ ಜೋತಾಡ್ತಿರುತ್ತೆ. ಇನ್ನು ಕೆಲವರು ಬಸ್ಸಿನ ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಅದನ್ನ ಹಿಂದಕ್ಕೆ ತಿರುಗಿಸಿ ಬ್ಯಾಗಿನ ಬೆನ್ನಿಗೇ ಬಕಲ್ ಹಾಕಿರ್ತಾರೆ. ಬಸ್ಸಿನಲ್ಲಿ ಹಾಗೆ ಮಾಡಿದರೆ ತಪ್ಪೇನಿಲ್ಲ. ಮರುದಿನ ಬೆಳಗ್ಗೆ ಬೆಟ್ಟವನ್ನೂ ಹಾಗೇ ಹತ್ತುತ್ತಾರಲ್ಲ, ನನ್ನ ಜಗಳ ಅದರ ಬಗ್ಗೆ.

ಐದಾರು ಸಾವಿರ ಕೊಟ್ಟು ತಂದ ಬ್ಯಾಗಿನಲ್ಲಿ ಭಾರ ಹೊರೋಕೆ ಅಂತಲೇ ಮಾಡಿರೋ ಭಾಗ ಅದು. ಹೆಗಲ ಪಟ್ಟಿಗಳ ಮುಖ್ಯ ಕೆಲಸ ಬ್ಯಾಗು ಹಿಂದಕ್ಕೆ ವಾಲದಂತೆ ಬೆನ್ನಿಗೆ ಹಿಡಿದಿಡೋದು. ತೂಕದ ಬಹುಪಾಲು ಕೂರಬೇಕಾದದ್ದು ಸೊಂಟದ ಮೇಲೆ. ಇದು ನನ್ನ ಅಭಿಪ್ರಾಯ ಅಲ್ಲ, ಬ್ಯಾಗಿನ ವಿನ್ಯಾಸವೇ ಹಾಗಿದೆ. ಆದರೂ ಟ್ರೆಕ್ಕಿಂಗ್ ಅಂದರೆ ನಮ್ಮಲ್ಲಿ ಫಿಟ್‌ನೆಸ್ಸಿನ ಮಾತೇ ಮಾತು. ಎಷ್ಟು ಸ್ಕ್ವಾಟ್ ಹೊಡೀತೀಯ, ಎಷ್ಟು ಕಿಲೋಮೀಟರ್ ಓಡ್ತೀಯ, ಇವೇ ಪ್ರಶ್ನೆಗಳು. ಬಕಲ್ ಎಲ್ಲಿ ಹಾಕ್ತೀಯ ಅಂತ ಒಬ್ಬನೂ ಕೇಳಲ್ಲ.

ನಾನೂ ಕೇಳಿರಲಿಲ್ಲ. ಏಳೆಂಟು ವರ್ಷದ ಹಿಂದೆ ಆಫೀಸಿನ ಗುಂಪು ಕಟ್ಟಿಕೊಂಡು ಕುಮಾರ ಪರ್ವತಕ್ಕೆ ಹೋಗಿದ್ದೆವು. 1,712 ಮೀಟರಿನ ಶಿಖರ. ಕುಕ್ಕೆ ಕಡೆಯಿಂದ ಹತ್ತಿದರೆ ಮೊದಲು ದಟ್ಟ ಕಾಡು, ಆಮೇಲೆ ನೆರಳೇ ಇಲ್ಲದ ಹುಲ್ಲುಗಾವಲು. ಟೀಮಿಗೆ ಹೊಸದಾಗಿ ಸೇರಿದ್ದ ಒಬ್ಬಳು, ಐದಡಿ ಎತ್ತರದ ಹುಡುಗಿ, ಟ್ರೆಕ್ ಏರ್ಪಡಿಸಿದವರು ಬಾಡಿಗೆಗೆ ಕೊಟ್ಟ ಬ್ಯಾಗು ಹೊತ್ತಿದ್ದಳು. ಆರಡಿ ಗಂಡಸಿನ ಬೆನ್ನಿಗೆ ಹೊಲಿದಂಥ ಬ್ಯಾಗು. ಟೆಂಟು, ಸ್ಲೀಪಿಂಗ್ ಬ್ಯಾಗು, ನೀರು ಎಲ್ಲ ಸೇರಿ ಹನ್ನೆರಡು ಕಿಲೋ ಇದ್ದಿರಬಹುದು. ಅದರ ಸೊಂಟದ ಪಟ್ಟಿ ಅವಳ ತೊಡೆಯ ಹತ್ತಿರ ನೇತಾಡ್ತಿತ್ತು.

ಗಿರಿಗದ್ದೆಗೆ ಇನ್ನೂ ಒಂದು ಗಂಟೆ ದಾರಿ ಇರುವಾಗ ನಿಂತುಬಿಟ್ಟಳು. “ಎಡಗೈ ಜೋಮು ಹಿಡೀತಿದೆ ಕಣೋ, ಬೆರಳು ಗೊತ್ತೇ ಆಗ್ತಿಲ್ಲ” ಅಂದಳು. ಅದಕ್ಕೆ ನಾನು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ: “ನೀರು ಕುಡಿ, ಸರಿಹೋಗುತ್ತೆ. ಸ್ವಲ್ಪ ಸ್ಟ್ಯಾಮಿನಾ ಬೆಳೆಸ್ಕೋ ಮಾರಾಯ್ತಿ.” ಆಮೇಲೆ ಅವಳ ಬ್ಯಾಗನ್ನ ನನ್ನ ಎದೆಗೆ ಹಾಕಿಕೊಂಡು ಎರಡು ಬ್ಯಾಗಿನ ಹೀರೋ ಥರ ಗಿರಿಗದ್ದೆವರೆಗೆ ನಡೆದೆ. ಯಾರೋ ಫೋಟೋನೂ ತೆಗೆದರು. ಮರುದಿನ ನಾವೆಲ್ಲ ಕಲ್ಲು ಮಂಟಪ, ಶೇಷ ಪರ್ವತ ದಾಟಿ ತುದಿಗೆ ಹೋದೆವು, ಅವಳು ಗಿರಿಗದ್ದೆಯಲ್ಲೇ ಕೂತಿದ್ದಳು. ಸೋಮವಾರ ಆಫೀಸಿನಲ್ಲಿ ಅವಳಿಗೊಂದು ಅಡ್ಡಹೆಸರು ಬಿತ್ತು. ಅದನ್ನ ಇಲ್ಲಿ ಬರೆಯಲ್ಲ. ಅವಳು ಮತ್ತೆ ಯಾವ ಟ್ರೆಕ್‌ಗೂ ಬರಲಿಲ್ಲ.

ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗೊಂಚಲು ಕಾಲರ್ ಮೂಳೆಯ ಅಡಿಯಲ್ಲೇ ಹಾದುಹೋಗುತ್ತೆ. ಗಂಟೆಗಟ್ಟಲೆ ಹೆಗಲ ಪಟ್ಟಿ ಅದನ್ನ ಒತ್ತಿದರೆ ಕೈ ಜೋಮು ಹಿಡಿಯೋದು, ಶಕ್ತಿ ಕಳಕೊಳ್ಳೋದು ಹೊಸ ವಿಷಯವೇನಲ್ಲ. ಭಾರದ ಚೀಲ ಹೊರುವ ಸೈನಿಕರಲ್ಲಿ ಇದನ್ನ ಕಂಡ ವೈದ್ಯರು ರಕ್‌ಸ್ಯಾಕ್ ಪಾಲ್ಸಿ ಅಂತ ಹೆಸರನ್ನೇ ಇಟ್ಟಿದ್ದಾರೆ. ಸೊಂಟದ ಪಟ್ಟಿ ಸರಿಯಾಗಿ ಕಟ್ಟಿದರೆ ಈ ಅಪಾಯ ಬಹಳ ಕಡಿಮೆ. ಅವಳಿಗೆ ಆವತ್ತು ಆಗಿದ್ದು ಅದೇನಾ ಅಂತ ಹೇಳೋಕೆ ನಾನು ಡಾಕ್ಟರ್ ಅಲ್ಲ. ಆದರೆ ಸ್ಟ್ಯಾಮಿನಾ ಇಲ್ಲ ಅಂತ ತೀರ್ಪು ಕೊಡೋಕೂ ನಾನು ಡಾಕ್ಟರ್ ಆಗಿರಲಿಲ್ಲ ಅಲ್ವಾ?

ತಮಾಷೆ ಏನು ಗೊತ್ತಾ, ಈ ವಿದ್ಯೆ ನಮ್ಮ ಮನೆಗಳಲ್ಲೇ ಇತ್ತು. ನಮ್ಮಜ್ಜಿ ಬಾವಿಯಿಂದ ನೀರು ತರುವಾಗ ತಲೆಯ ಮೇಲೆ ಸಿಂಬೆ ಇಟ್ಟು ಒಂದು ಕೊಡ, ಸೊಂಟದ ಮೇಲೆ ಇನ್ನೊಂದು. ಹೆಗಲಿಗೆ ಏನೂ ಇಲ್ಲ. ಮಗುವನ್ನ ಎತ್ತಿಕೊಳ್ಳುವ ತಾಯಿ ಸೊಂಟವನ್ನ ಒಂದು ಕಡೆ ತಳ್ಳಿ ಅದರ ಮೇಲೆ ಕೂರಿಸಿಕೊಳ್ತಾಳೆ. ಯಾಕೆ ಅಂದರೆ ಅಲ್ಲಿ ದೇವರು ಕೊಟ್ಟ ಶೆಲ್ಫ್ ಇದೆ, ಅದೇ ಸೊಂಟದ ಮೂಳೆಯ ಮೇಲಂಚು. ಅಲ್ಲಿ ಕೂತ ಭಾರ ನೇರ ಕಾಲಿಗೆ ಇಳಿಯುತ್ತೆ, ಬೆನ್ನುಮೂಳೆಯನ್ನ ಅದುಮಿಕೊಂಡು ಹೋಗಲ್ಲ. ದೊಡ್ಡ ಕೆಲಸಕ್ಕೆ ಇಳಿಯೋದನ್ನ ಟೊಂಕ ಕಟ್ಟೋದು ಅಂತ ಕರೆದ ಭಾಷೆ ನಮ್ಮದು. ಅದೇ ನಾವು ಬ್ಯಾಗು ಕೊಂಡ ತಕ್ಷಣ ಟೊಂಕ ಬಿಚ್ಚಿಕೊಂಡು ಹೊರಡ್ತೀವಿ.

ಬ್ಯಾಗಿನ ಕಂಪನಿಗಳಿಗೂ ಇದು ಮೊದಲೇ ಹೊಳೆದಿರಲಿಲ್ಲ ಅನ್ನಿ. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1950ರ ದಶಕದ ಆರಂಭದಲ್ಲಿ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ಫ್ರೇಮಿನ ಬ್ಯಾಗು ಮಾಡಿ ಮಾರೋಕೆ ಶುರು ಮಾಡಿದ. ಹೆಂಡತಿ ನೀನಾ ಹೊಲಿಗೆ ಹಾಕ್ತಿದ್ದಳು. ಭಾರವನ್ನ ಹೆಗಲಿನಿಂದ ಸೊಂಟಕ್ಕೆ ಇಳಿಸೋ ಪಟ್ಟಿ ಜನರ ಬೆನ್ನಿಗೆ ಬಂದಿದ್ದು ಹೆಚ್ಚಾಗಿ ಅವನ ಬ್ಯಾಗುಗಳಿಂದ. ಅಂದರೆ ಎಪ್ಪತ್ತು ವರ್ಷದಿಂದ ಇರೋ ಸಂಗತಿಯನ್ನ ನಾವು ಅಲಂಕಾರ ಅಂದುಕೊಂಡಿದ್ದೀವಿ.

ಈ ಮಾತು ಎತ್ತಿದ ಕೂಡಲೇ ಒಬ್ಬ ಹೇಳ್ತಾನೆ: “ಗುರೂ, ಎಪಿಎಂಸಿ ಹಮಾಲರನ್ನ ನೋಡು. ಐವತ್ತು ಕಿಲೋ ಮೂಟೆ, ಯಾವ ಬೆಲ್ಟೂ ಇಲ್ಲ. ನಾವು ಸಾಫ್ಟ್ ಆಗಿದ್ದೀವಿ ಅಷ್ಟೆ.” ನೋಡಿದ್ದೀನಿ ಗುರೂ. ಅವರು ಲಾರಿಯಿಂದ ಗೋದಾಮಿಗೆ ಕೆಲವು ಹೆಜ್ಜೆ ಇಡ್ತಾರೆ, ಮೂಟೆ ಕೆಡವ್ತಾರೆ, ಬರಿಗೈಲಿ ವಾಪಸ್ ಬರ್ತಾರೆ. ಆರು ಗಂಟೆ ಒಂದೇ ಸಮನೆ ಬೆಟ್ಟ ಹತ್ತಲ್ಲ. ವಯಸ್ಸಾದ ಹಮಾಲರೊಬ್ಬರ ಪಕ್ಕ ಕೂತು ಅವರ ಬೆನ್ನು, ಕುತ್ತಿಗೆ ಹೇಗಿದೆ ಅಂತ ಒಂದ್ಸಲ ಕೇಳಿ, ಆಮೇಲೆ ಅವರ ಉದಾಹರಣೆ ಕೊಡಿ. ಬೇರೆ ದಾರಿಯಿಲ್ಲದೆ ಸಹಿಸಿಕೊಂಡವರ ನೋವನ್ನ ನಮ್ಮ ಸೋಮಾರಿತನಕ್ಕೆ ಸರ್ಟಿಫಿಕೇಟ್ ಮಾಡಿಕೊಳ್ಳೋದು ನನಗೆ ಸಹಿಸೋಕಾಗಲ್ಲ.

ಸರಿ, ಹೇಗೆ ಕಟ್ಟೋದು? ಮನೆಯಲ್ಲೇ ಮಾಡಿ, ಬೆಟ್ಟದ ಬುಡದಲ್ಲಿ ಅಲ್ಲ. ಖಾಲಿ ಬ್ಯಾಗಿನಲ್ಲಿ ಏನೂ ಗೊತ್ತಾಗಲ್ಲ, ಅಡುಗೆಮನೆಯಿಂದ ಅಕ್ಕಿ, ಬೇಳೆ ತಂದು ಎಂಟು ಹತ್ತು ಕಿಲೋ ತುಂಬಿ. ಎಲ್ಲ ಪಟ್ಟಿಗಳನ್ನೂ ಪೂರ್ತಿ ಸಡಿಲ ಬಿಡಿ. ಈಗ ಅಮ್ಮ ಬೈಯೋಕೆ ನಿಂತಾಗ ಸೊಂಟದ ಮೇಲೆ ಕೈ ಇಡ್ತಾಳಲ್ಲ, ಹಾಗೆ ನಿಂತು ಬೆರಳಿನಿಂದ ಒತ್ತಿ. ಪಕ್ಕದಲ್ಲಿ ಗಟ್ಟಿ ಅಂಚು ಸಿಗುತ್ತೆ, ಹೆಚ್ಚುಕಮ್ಮಿ ಹೊಕ್ಕುಳಿನ ಮಟ್ಟದಲ್ಲಿ. ಪಟ್ಟಿಯ ದಪ್ಪ ಮೆತ್ತೆಯ ನಡುಭಾಗ ಆ ಅಂಚಿನ ಮೇಲೆ ಬರಬೇಕು, ಅರ್ಧ ಮೇಲೆ, ಅರ್ಧ ಕೆಳಗೆ. ಸುಲಭವಾಗಿ ಹೇಳೋದಾದರೆ ತಾತ ಪಂಚೆ ಕಟ್ಟುತ್ತಿದ್ದ ಜಾಗ, ನಿಮ್ಮ ಜೀನ್ಸ್ ನಿಲ್ಲೋ ಜಾಗ ಅಲ್ಲ. ಜೀನ್ಸಿನ ಮಟ್ಟಕ್ಕೆ ಕಟ್ಟಿದರೆ ಹತ್ತು ಹೆಜ್ಜೆಗೆ ಜಾರುತ್ತೆ, ತೊಡೆ ಎತ್ತುವಾಗ ಕೊರೆಯುತ್ತೆ. ಹೊಟ್ಟೆ ಇರುವವರು (ನಾನೂ ಸೇರಿದ ಹಾಗೆ) ನಾಚಿಕೊಂಡು ಹೊಟ್ಟೆಯ ಕೆಳಗೆ ಬಕಲ್ ಹಾಕ್ತಾರೆ, ಮೂಳೆ ಎಲ್ಲಿದೆಯೋ ಅದನ್ನ ನೋಡಿ, ಹೊಟ್ಟೆಯನ್ನಲ್ಲ.

ಸ್ವಲ್ಪ ಮುಂದಕ್ಕೆ ಬಾಗಿ ಬಕಲ್ ಹಾಕಿ, ಬಿಗಿದು, ನೆಟ್ಟಗೆ ನಿಲ್ಲಿ. ಹೆಗಲ ಪಟ್ಟಿ ಇನ್ನೂ ಸಡಿಲವಾಗಿಯೇ ಇರಲಿ. ಬ್ಯಾಗು ಸೊಂಟದ ಮೇಲೆ ತಾನಾಗಿ ಕೂತಿದೆಯಾ? ಕೂತಿದ್ದರೆ ಕೆಲಸ ಮುಕ್ಕಾಲು ಮುಗೀತು. ಆಮೇಲೆ ಹೆಗಲ ಪಟ್ಟಿಯನ್ನ ಬೆನ್ನಿಗೆ ತಾಗುವಷ್ಟು ಮಾತ್ರ ಎಳೀರಿ. ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಹೋಗೋ ಸಣ್ಣ ಪಟ್ಟಿಗಳಿದ್ದರೆ ಅವನ್ನೂ ಹದವಾಗಿ, ಕೊನೆಗೆ ಎದೆಯ ಪಟ್ಟಿ. ಹೊಟ್ಟೆಯ ಮುಂದೆ ಎರಡೂ ಮೆತ್ತೆ ಒಂದಕ್ಕೊಂದು ಮುಟ್ಟಿಬಿಟ್ಟು ಇನ್ನೂ ಸಡಿಲವಾಗಿದ್ದರೆ ಆ ಬೆಲ್ಟು ನಿಮ್ಮ ಅಳತೆಯದ್ದಲ್ಲ. ತೀರಾ ಬಿಗಿದು ತೊಡೆಯ ಹೊರಭಾಗ ಉರಿಯೋಕೆ, ಜೋಮು ಹಿಡಿಯೋಕೆ ಶುರುವಾದರೆ ಅಲ್ಲಿಯ ನರ ಒತ್ತುತ್ತಿದೆ ಅಂತ ಅರ್ಥ, ಸಡಿಲ ಮಾಡಿ. ಅರ್ಧ ಗಂಟೆ ನಡೆದ ಮೇಲೆ, ಊಟ ಆದ ಮೇಲೆ ಮತ್ತೆ ಸರಿಮಾಡಿಕೊಳ್ಳಬೇಕು. ರಭಸದ ಹಳ್ಳ ದಾಟುವಾಗ ಮಾತ್ರ ಸೊಂಟದ್ದೂ ಎದೆಯದ್ದೂ ಬಿಚ್ಚಿಬಿಡಿ. ಬಿದ್ದರೆ ಬ್ಯಾಗು ಕಳಚಿಕೊಂಡು ನೀವು ಮೇಲೆ ಬರಬೇಕಲ್ಲ.

ಇಷ್ಟೆಲ್ಲ ಮಾಡಿದರೂ ಕೂರದಿದ್ದರೆ ಬೆನ್ನಿನ ಉದ್ದ ತಪ್ಪಿದೆ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಏಳೋ ಗಂಟಿನಿಂದ ಸೊಂಟದ ಅಂಚಿನ ಮಟ್ಟದವರೆಗೆ ಟೇಪಿನಲ್ಲಿ ಅಳೆಯಿರಿ. ಅದೇ ನಿಮ್ಮ ಬ್ಯಾಗಿನ ಸೈಜು. ಲೀಟರ್ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಎತ್ತರದ ಲೆಕ್ಕಕ್ಕೂ ಅಷ್ಟಾಗಿ ಇಲ್ಲ, ಉದ್ದ ಕಾಲು ಗಿಡ್ಡ ಬೆನ್ನಿನವರು ಬೇಕಾದಷ್ಟು ಜನ ಇದ್ದಾರೆ.

ಹಾಗಾಗಿ ನನ್ನ ಸಿಟ್ಟು ಬಕಲ್ ಹಾಕದ ಹುಡುಗರ ಮೇಲೆ ಅರ್ಧ ಮಾತ್ರ. ಉಳಿದರ್ಧ ಟ್ರೆಕ್ ನಡೆಸುವವರ ಮೇಲೆ. ತಲಾ ಇಷ್ಟು ಸಾವಿರ ಅಂತ ದುಡ್ಡು ತಗೋತೀರಿ, ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿಸ್ತೀರಿ, ಬೆಂಕಿ ಹಾಕಿ ಪರಿಚಯ ಮಾಡಿಸ್ತೀರಿ. ಬಾಡಿಗೆ ಬ್ಯಾಗು ಮಾತ್ರ ಎಲ್ಲರಿಗೂ ಒಂದೇ ಅಳತೆ! ಚಪ್ಪಲಿ ಬಾಡಿಗೆಗೆ ಕೊಡೋದಾಗಿದ್ದರೆ ಎಲ್ಲರಿಗೂ ಹತ್ತನೇ ನಂಬರ್ ಕೊಡ್ತಿದ್ರಾ? ಎರಡು ಮೂರು ಸೈಜಿನ ಬ್ಯಾಗು ಇಡಿ. ಕೊಡುವಾಗ ಒಬ್ಬೊಬ್ಬರ ಹಿಂದೆ ಎರಡು ನಿಮಿಷ ನಿಂತು ಕಟ್ಟಿ ತೋರಿಸಿ. ಇಪ್ಪತ್ತು ಜನಕ್ಕೆ ನಲವತ್ತು ನಿಮಿಷ. ಬಸ್ಸು ಹೇಗೂ ಅಷ್ಟು ಲೇಟಾಗಿಯೇ ಹೊರಡೋದು. ಅಷ್ಟೂ ಆಗಲ್ಲ ಅಂದರೆ ಹಿಂದೆ ಬಿದ್ದವರನ್ನ “ಅನ್‌ಫಿಟ್” ಅನ್ನೋ ಅಧಿಕಾರ ನಿಮಗಿಲ್ಲ.

ಹೋದ ವರ್ಷ ನನಗೇ ಒಬ್ಬರು ಹಿರಿಯ ಚಾರಣಿಗರು ಬ್ಯಾಗು ಸರಿಯಾಗಿ ಕಟ್ಟಿಕೊಟ್ಟಾಗ ಆ ಹುಡುಗಿ ನೆನಪಾದಳು. ಈಗ ಪುಣೆಯಲ್ಲಿದ್ದಾಳೆ. ಉದ್ದದ ಮೆಸೇಜ್ ಹಾಕಿದೆ: ಆವತ್ತು ತಪ್ಪು ನಿನ್ನದಲ್ಲ, ಬ್ಯಾಗು ನಿನ್ನ ಅಳತೆಯದ್ದಾಗಿರಲಿಲ್ಲ, ಬೆಲ್ಟು ಕಟ್ಟೋಕೆ ನಮಗ್ಯಾರಿಗೂ ಬರ್ತಿರಲಿಲ್ಲ, ಸಾರಿ ಅಂತ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು: “ಈಗ ಹೇಳ್ತಿದ್ದೀಯಾ? ಇಷ್ಟು ವರ್ಷ ನನ್ನ ಮೈಯನ್ನೇ ಬೈಕೊಂಡಿದ್ದೆ ಕಣೋ.” ಅದರ ಕೆಳಗೆ ಇನ್ನೊಂದು ಸಾಲು: “ಬೆನ್ನು ಅಳೆಯೋದು ಎಲ್ಲಿಂದ ಎಲ್ಲಿಗೆ ಅಂದೆ?”