ಕಲಿಸುವವರಿಗೆ ಕಲಿಸುವವರು

ಮೂರು ವರ್ಷಗಳ ಹಿಂದಣ ಮಾತು. ನಮ್ಮ ಅಣ್ಣನ ಮಗಳು ಉನ್ನತ ವಿದ್ಯಾಭ್ಯಾಸಕ್ಕಾಗಿ ಅಮೆರಿಕಾ ದೇಶದ ಕಾಲೇಜೊಂದಕ್ಕೆ ಹೊರಟು ನಿಂತಿದ್ದಳು. ಪೆಟ್ಟಿಗೆ ಕಟ್ಟುವ ಗಡಿಬಿಡಿಯ ನಡುವೆ ಆ ಕಾಲೇಜಿನಿಂದ ಒಂದು ಪತ್ರವು ಬಂದಿತು. ಪಾಠಗಳು ಆರಂಭವಾಗುವುದಕ್ಕೆ ಮುಂಚೆ ಹೊಸ ವಿದ್ಯಾರ್ಥಿಗಳು ಹತ್ತು ಹತ್ತು ಮಂದಿಯಾಗಿ ಐದು ದಿನ ಕಾಡುಬೆಟ್ಟಗಳಲ್ಲಿ ನಡೆದು, ಡೇರೆಗಳಲ್ಲಿ ಮಲಗಿ, ತಾವೇ ಅಡಿಗೆ ಮಾಡಿಕೊಂಡು ಉಣ್ಣುವರೆಂದೂ, ಒಂದೊಂದು ತಂಡಕ್ಕೂ ಇಬ್ಬಿಬ್ಬರು ಮುಂದಾಳುಗಳಿರುವರೆಂದೂ, ಆ ಮುಂದಾಳುಗಳೂ ಅದೇ ಕಾಲೇಜಿನ ವಿದ್ಯಾರ್ಥಿಗಳೆಂದೂ ಅದರಲ್ಲಿ ಬರೆದಿತ್ತು. ಹುಡುಗಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲವಾದುದರಿಂದ ತಂದೆತಾಯಿಗಳ ಸಮ್ಮತಿಯ ರುಜು ಬೇಕಾಗಿತ್ತು.

ಅತ್ತಿಗೆಯವರು ಆ ಕಾಗದವನ್ನು ನಮ್ಮ ಮುಂದಿಟ್ಟು, "ಇಪ್ಪತ್ತು ವರ್ಷದ ಹುಡುಗರ ಕೈಯಲ್ಲಿ ಹದಿನೇಳು ವರ್ಷದ ಹುಡುಗಿಯನ್ನು ಕಾಡಿಗೆ ಕಳುಹಿಸುವುದೆ? ಆ ಹುಡುಗರಿಗೆ ಕಲಿಸಿದವರು ಯಾರು? ಕಲಿಸಿದವರನ್ನು ಆರಿಸಿದವರು ಯಾರು? ನೀವೇ ಹೇಳಿ" ಎಂದು ಕೇಳಿದರು. ನಮಗೆ ಉತ್ತರ ತಿಳಿಯಲಿಲ್ಲ. ಕೊನೆಗೆ ರುಜು ಬಿದ್ದಿತು. ಹುಡುಗಿ ಹೋಗಿ, ಅಂಗಾಲಿನಲ್ಲಿ ಎರಡು ಬೊಬ್ಬೆಗಳನ್ನೂ ಒಂಬತ್ತು ಮಂದಿ ಗೆಳೆಯರನ್ನೂ ಸಂಪಾದಿಸಿಕೊಂಡು ಸುಖವಾಗಿ ಹಿಂದಿರುಗಿದಳು. ಮರುವರ್ಷ ತಾನೇ ಮುಂದಾಳಾದಳು. ಈಗ ಮುಂದಾಳುಗಳಿಗೆ ತರಬೇತು ಕೊಡತಕ್ಕ ಶಿಕ್ಷಕರನ್ನು ಆರಿಸುವ ಸಮಿತಿಯಲ್ಲಿ ಆಕೆಗೆ ಒಂದು ಸ್ಥಾನವು ದೊರೆತಿದೆ. "ಚಿಕ್ಕಪ್ಪಾ, ಅಮ್ಮ ಅಂದು ಕೇಳಿದ ಪ್ರಶ್ನೆಗೆ ಈಗ ನಾನೇ ಉತ್ತರ ಕೊಡಬೇಕಾಗಿದೆ" ಎಂದು ಆಕೆಯು ನಮಗೆ ಬರೆದಿದ್ದಳು. ಆ ಪತ್ರವೇ ಈ ತಿಂಗಳ ನಮ್ಮ ಮಾತಿಗೆ ಕಾರಣವು.

ಈ ಪದ್ಧತಿಯು ಆ ದೇಶದಲ್ಲಿ ನಿನ್ನೆ ಮೊನ್ನೆಯದಲ್ಲ. ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ೧೯೦೯ರಲ್ಲಿಯೇ ಒಂದು ವಿಹಾರಸಂಘವನ್ನು ಕಟ್ಟಿಕೊಂಡರು. ಹೊಸಬರನ್ನು ಬೆಟ್ಟಗಳಿಗೆ ಕರೆದೊಯ್ಯುವ ಕ್ರಮವು ಅಲ್ಲಿ ೧೯೩೫ರಲ್ಲಿ ಮೊದಲಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಇಂತಹ ಏರ್ಪಾಡು ೧೯೭೪ರಲ್ಲಿ ಹುಟ್ಟಿತು. ಇಂದು ಅನೇಕ ಕಾಲೇಜುಗಳಲ್ಲಿ ಇದು ನಡೆದುಬಂದಿದೆ. ಇದಕ್ಕೆ ಮೂರು ಅಂತಸ್ತುಗಳುಂಟು. ಕೆಳಗೆ ಹೊಸ ವಿದ್ಯಾರ್ಥಿಗಳು. ಅವರ ಮೇಲೆ ಅವರನ್ನು ನಡೆಸುವ ಮುಂದಾಳುಗಳು. ಅದರ ಮೇಲೆ, ಮುಂದಾಳುಗಳಿಗೆ ನಕ್ಷೆಯನ್ನೂ ದಿಕ್ಸೂಚಿಯನ್ನೂ ಸ್ಟೋವನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಸಿ, ಇವನು ಯೋಗ್ಯನು, ಇವನು ಇನ್ನೂ ಕಾಯಬೇಕು ಎಂದು ಹೇಳತಕ್ಕ ಶಿಕ್ಷಕರು. ಈ ಮೂರನೆಯ ಅಂತಸ್ತಿನಲ್ಲಿಯೂ ಬಹುಮಟ್ಟಿಗೆ ಹಿರಿಯ ವಿದ್ಯಾರ್ಥಿಗಳೇ ಇರುವರು.

ಮೇಲಿನ ಅಂತಸ್ತಿನ ಆಯ್ಕೆಯೇ ಎಲ್ಲಕ್ಕಿಂತಲೂ ಗುರುತರವಾದುದೆಂದು ನಾವು ಹೇಳುವೆವು. ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಬಟ್ಟಲು ಮೊಸರು ಹುಳಿಯಾದರೆ ಅಂದಿನ ಊಟ ಮಾತ್ರ ಕೆಡುವುದು. ಹೆಪ್ಪೇ ಹುಳಿಯಾದರೆ ನಾಳಿನ ಪಾತ್ರೆಯೂ ನಾಡಿದ್ದಿನ ಪಾತ್ರೆಯೂ ಹುಳಿಯೇ. ಒಬ್ಬ ಮುಂದಾಳಿನ ತಪ್ಪು ಹತ್ತು ಮಂದಿಯನ್ನು ಮುಟ್ಟುವುದು. ಶಿಕ್ಷಕನ ಉದಾಸೀನವಾದರೋ ಅವನು ತಯಾರಿಸಿದ ಪ್ರತಿಯೊಬ್ಬ ಮುಂದಾಳಿನ ಅಭ್ಯಾಸವಾಗಿ, ಅವನು ಕಾಲೇಜು ಬಿಟ್ಟು ಹೋದಮೇಲೂ ಅಲ್ಲಿ ಉಳಿಯುವುದು.

ಇದು ಬರಿಯ ಊಹೆಯಲ್ಲ. ೧೯೭೧ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಗೆ ಎಡಿನ್‌ಬರೋ ನಗರದ ಶಾಲೆಯೊಂದರ ಮಕ್ಕಳನ್ನು ಕರೆದುಕೊಂಡು ಹೋದರು. ಬಲವುಳ್ಳವರನ್ನು ಅನುಭವಶಾಲಿಯಾದ ಶಿಕ್ಷಕನು ಮುಂದೆ ನಡೆಸಿದನು. ಹಿಂದುಳಿಯತಕ್ಕ ಆರು ಮಕ್ಕಳನ್ನು ಇಪ್ಪತ್ತರ ಆಸುಪಾಸಿನ ಒಬ್ಬ ಕಾಲೇಜು ವಿದ್ಯಾರ್ಥಿನಿಗೂ, ಆಕೆಯ ಸಹಾಯಕ್ಕೆಂದು ತರಬೇತಿನಲ್ಲಿದ್ದ ಹದಿನೆಂಟು ವರ್ಷದ ಹುಡುಗಿಗೂ ಒಪ್ಪಿಸಿದರು. ಹಿಮದ ಬಿರುಗಾಳಿಯು ಎದ್ದಿತು. ಮೊದಲ ತಂಡವು ಆಶ್ರಯದ ಗುಡಿಸಲನ್ನು ಸೇರಿತು, ಎರಡನೆಯದು ಸೇರಲಿಲ್ಲ. ಎರಡು ರಾತ್ರಿ ಬಯಲಿನಲ್ಲಿ ಕಳೆದ ಆ ತಂಡದಲ್ಲಿ ಐವರು ಮಕ್ಕಳೂ ಆ ಸಹಾಯಕಿಯೂ ಮಡಿದರು. ಮುಂದಾಳಾದ ತರುಣಿಯು ಸಹಾಯವನ್ನು ಅರಸುತ್ತ ಅಂಬೆಗಾಲಿನಲ್ಲಿ ತೆವಳುತ್ತಿದ್ದುದನ್ನು ಹುಡುಕುವವರು ಕಂಡರು. ಆಕೆಯೂ ಒಬ್ಬ ಹುಡುಗನೂ ಬದುಕಿದರು. ಆ ತರುಣಿಯನ್ನು ನಿಂದಿಸುವ ಮನಸ್ಸು ನಮಗೆ ಬಾರದು. ನಾವು ಕೇಳುವ ಪ್ರಶ್ನೆಯೇ ಬೇರೆ. ಅತ್ಯಂತ ದುರ್ಬಲರಾದ ಮಕ್ಕಳಿಗೆ ಅತ್ಯಂತ ಕಡಿಮೆ ಅನುಭವದ ಮುಂದಾಳು ಸಾಕೆಂದು ತೀರ್ಮಾನಿಸಿದವರು ಯಾರು? ಹಾಗೆ ತೀರ್ಮಾನಿಸುವುದನ್ನು ಅವರಿಗೆ ಕಲಿಸಿದವರು ಯಾರು? ಅತ್ತಿಗೆಯವರ ಪ್ರಶ್ನೆಯೂ ಇದೇ ಅಲ್ಲವೆ?

ಹಾಗಾದರೆ ಶಿಕ್ಷಕನಲ್ಲಿ ನೋಡತಕ್ಕ ಗುಣಗಳಾವುವು? ನಮ್ಮ ಹುಡುಗಿಯ ಮುಂದೆ ಇದ್ದ ತೊಡಕು ಇದು. ಉಳಿದಿದ್ದುದು ಒಂದೇ ಸ್ಥಾನ. ಅದನ್ನು ಬಯಸಿದವರು ಇಬ್ಬರು. ಒಬ್ಬನು ಎಂತಹ ಬಂಡೆಯನ್ನಾದರೂ ಹತ್ತಬಲ್ಲ ಸಾಹಸಿ; ಕಾಲೇಜಿನಲ್ಲೆಲ್ಲ ಅವನ ಹೆಸರು ಪ್ರಸಿದ್ಧವು. ಇನ್ನೊಬ್ಬಳು ಸಾಧಾರಣ ನಡಿಗೆಯವಳು. ಹಿಂದಿನ ವರ್ಷ ತನ್ನ ತಂಡದೊಡನೆ ಎರಡು ಗಂಟೆಗಳ ಕಾಲ ದಾರಿ ತಪ್ಪಿ ಅಲೆದವಳು. ಆದರೆ ಹಿಂದಿರುಗಿದ ದಿನವೇ, ತಾನು ನಕ್ಷೆಯನ್ನು ಯಾವ ತಿರುವಿನಲ್ಲಿ ತಪ್ಪಾಗಿ ಓದಿದೆನು, ಸಂಶಯ ಬಂದಮೇಲೂ ಏಕೆ ಅರ್ಧ ಗಂಟೆ ಸುಮ್ಮನಿದ್ದೆನು ಎಂಬುದನ್ನು ಯಾರೂ ಕೇಳದೆಯೇ ವರದಿಯಲ್ಲಿ ಬರೆದಿಟ್ಟಿದ್ದಳು. ಸಮಿತಿಯಲ್ಲಿ ಅನೇಕರು ಮೊದಲನೆಯವನ ಕಡೆಗಿದ್ದರು.

ಮೊದಲನೆಯ ಮಾತು ಕೌಶಲವನ್ನು ಕುರಿತದ್ದು. ಕೌಶಲವಿಲ್ಲದವನು ಕಲಿಸಲಾರನು, ಇದು ನಿರ್ವಿವಾದವು. ಆಸ್ಪತ್ರೆ ದೂರವಿರುವೆಡೆಗಳಿಗೆಂದು ಏರ್ಪಟ್ಟಿರುವ ಪ್ರಥಮ ಚಿಕಿತ್ಸೆಯ ಪಾಠವು ಸುಮಾರು ೧೬ ಗಂಟೆಗಳದು. ಅದಕ್ಕಿಂತ ಮೇಲಿನದು ಸುಮಾರು ೭೦ರಿಂದ ೮೦ ಗಂಟೆಗಳದು. ಶಿಕ್ಷಕನಾಗುವವನು ಮೇಲಿನದನ್ನು ಮುಗಿಸಿರುವುದು ಲೇಸು. ಆದರೆ ಇದು ಹೊಸಲು ಮಾತ್ರ. ಹೊಸಲು ದಾಟಿದವರಲ್ಲಿ ಎಲ್ಲರಿಗಿಂತ ಎತ್ತರ ಹತ್ತಿದವನೇ ಎಲ್ಲರಿಗಿಂತ ಚೆನ್ನಾಗಿ ಕಲಿಸುವನೆಂಬ ನಿಯಮವಿಲ್ಲ. ಕೈ ನುರಿತ ಅತ್ತೆಯು ಸೊಸೆಯ ಕೈಯಿಂದ ಸೌಟನ್ನು ಕಿತ್ತುಕೊಂಡು ತಾನೇ ಒಗ್ಗರಣೆ ಹಾಕಿಬಿಟ್ಟರೆ ಸಾರು ರುಚಿಯಾಗುವುದು ನಿಜ, ಸೊಸೆ ಕಲಿಯುವುದಿಲ್ಲ. ಮಳೆಯಲ್ಲಿ ನೆನೆದ ವಿದ್ಯಾರ್ಥಿಯು ಸ್ಟೋವು ಹೊತ್ತಿಸಲು ಹೆಣಗುತ್ತಿರುವಾಗ, ಕುದಿಯುವ ನೀರು ಕಾಲಮೇಲೆ ಚೆಲ್ಲದಂತೆ ಮಾತ್ರ ಕಾವಲಿದ್ದು, ಉಳಿದುದಕ್ಕೆ ಕೈ ಹಿಂದೆ ಕಟ್ಟಿ ನಿಲ್ಲಬಲ್ಲವನೇ ಶಿಕ್ಷಕನು.

ಎರಡನೆಯದು ಪ್ರಶ್ನೆಯನ್ನು ಸಹಿಸುವ ಗುಣ. ಮೆಕ್‌ಕ್ಯಾಮನ್ ಎಂಬ ಸಂಶೋಧಕರು ಅಮೆರಿಕಾದ ೭೧೫ ಹಿಮಪಾತದ ಅಪಘಾತಗಳನ್ನು ಪರಿಶೀಲಿಸಿ ೨೦೦೪ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಮನುಷ್ಯರನ್ನು ಅಪಾಯಕ್ಕೆ ಎಳೆಯುವ ಮನಸ್ಸಿನ ಮೋಸಗಳಲ್ಲಿ ಅವರು ಎಣಿಸಿದ ಒಂದು ಯಾವುದೆಂದರೆ, 'ಇವನು ಬಲ್ಲವನು' ಎಂದು ಒಬ್ಬನನ್ನು ನಂಬಿ ಉಳಿದವರು ತಮ್ಮ ಕಣ್ಣನ್ನೇ ಮುಚ್ಚಿಕೊಳ್ಳುವುದು. ಹೆಸರುವಾಸಿಯಾದ ಸಾಹಸಿಯ ಸುತ್ತ ಈ ಪ್ರಭೆಯು ತಾನಾಗಿಯೇ ಬೆಳೆಯುವುದು. "ಅಣ್ಣಾ, ಆ ಮೋಡ ನೋಡಿದರೆ ನನಗೆ ಭಯವಾಗುತ್ತದೆ" ಎಂದು ಎಲ್ಲರಿಗಿಂತ ಕಿರಿಯವನು ಹೇಳಿದಾಗ ನಗದೆ ನಿಂತು ಮೋಡವನ್ನು ನೋಡತಕ್ಕವನನ್ನು ಆರಿಸಬೇಕು.

ಮೂರನೆಯದೂ ಮುಖ್ಯವಾದುದೂ ಸತ್ಯ. ಪಾಲ್ ಪೆಟ್ಜೋಲ್ಟ್ ಎಂಬವರು ೧೯೨೪ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ದನ ಕಾಯುವವರ ಬೂಟುಗಳನ್ನು ಮೆಟ್ಟಿಕೊಂಡು ವಯೋಮಿಂಗ್ ಸೀಮೆಯ ಗ್ರಾಂಡ್ ಟೀಟನ್ ಶಿಖರವನ್ನು ಹತ್ತಹೊರಟು, ಸಿದ್ಧತೆ ಸಾಲದೆ ಬೆಟ್ಟದ ಮೇಲೆ ಇರುಳು ಕಳೆದು ಪ್ರಾಣಸಂಕಟಕ್ಕೆ ಸಿಕ್ಕಿದರು. ಆ ಅವಿವೇಕವನ್ನು ಅವರು ಮರೆಯಲೂ ಇಲ್ಲ, ಮರೆಮಾಚಲೂ ಇಲ್ಲ. ಮುಂದೆ ೧೯೩೮ರ ಕೆ-೨ ಶಿಖರದ ಯಾತ್ರೆಯಲ್ಲಿ ಭಾಗಿಯಾದ ಆ ಪ್ರಸಿದ್ಧ ಪರ್ವತಾರೋಹಿಯು, ತರುಣರನ್ನು ಕಾಡಿಗೆ ಕರೆದೊಯ್ಯಬಲ್ಲ ಮುಂದಾಳುಗಳೇ ಸಾಲದೆಂಬುದನ್ನು ಕಂಡು, ೧೯೬೫ರಲ್ಲಿ ಲ್ಯಾಂಡರ್ ಎಂಬ ಊರಿನಲ್ಲಿ ಮುಂದಾಳುಗಳನ್ನು ತಯಾರಿಸುವ ಶಾಲೆಯನ್ನೇ ತೆರೆದರು. ಅದು ನ್ಯಾಷನಲ್ ಔಟ್‌ಡೋರ್ ಲೀಡರ್‌ಷಿಪ್ ಸ್ಕೂಲ್ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ತಪ್ಪಿನಿಂದ ಕಲಿತವನು ಕಲಿಸಬಲ್ಲನು. ತಪ್ಪನ್ನು ಬಚ್ಚಿಟ್ಟವನು ಬಚ್ಚಿಡುವುದನ್ನೇ ಕಲಿಸುವನು.

ಇಂತಹ ಗುಣಗಳನ್ನು ಅರ್ಧ ಗಂಟೆಯ ಸಂದರ್ಶನದಲ್ಲಿ ಅಳೆಯಲಾಗದು. ಮಾತು ಬಲ್ಲವನು ಮೇಜಿನ ಮುಂದೆ ಗೆಲ್ಲುವನು. ಆದುದರಿಂದ ನಮಗೆ ತೋಚಿದ ಬಗೆಯನ್ನು ಹುಡುಗಿಗೆ ಬರೆದೆವು. ಅಭ್ಯರ್ಥಿಗಳಲ್ಲಿ ಒಬ್ಬೊಬ್ಬರೂ ಒಂದು ಸಣ್ಣ ವಿಷಯವನ್ನು, ಉದಾಹರಣೆಗೆ ನೀರಿನ ತಾಣದಿಂದ ಸುಮಾರು ೨೦೦ ಅಡಿ ದೂರದಲ್ಲಿ ಶೌಚದ ಗುಂಡಿ ತೋಡುವುದನ್ನು, ಏನೂ ತಿಳಿಯದವರಿಗೆ ಕಾಲು ಗಂಟೆ ಕಲಿಸಲಿ. ಮುಗಿದಮೇಲೆ ಶಿಕ್ಷಕನನ್ನಲ್ಲ, ಕಲಿತವರನ್ನು ಪರೀಕ್ಷಿಸಿರಿ. ಎಲ್ಲರನ್ನೂ ಎರಡು ದಿನ ಮಳೆಯಲ್ಲಿ ನಡೆಸಿ, ಕಡೆಯವನ ಹೊರೆಯನ್ನು ಯಾರು ಗಮನಿಸುವರೆಂದು ನೋಡಿರಿ. ಅವರ ಕೈಕೆಳಗೆ ಹಿಂದೆ ನಡೆದುಬಂದ ಹೊಸಬರನ್ನು, ಅದರಲ್ಲಿಯೂ ಹಿಂದುಳಿದವರನ್ನು, ಗುಟ್ಟಾಗಿ ಕೇಳಿರಿ. "ಆತನು ಎಷ್ಟು ಬಲ್ಲವನು?" ಎಂದು ಕೇಳಬೇಡಿರಿ, "ನಿಮಗೆ ಸಾಕಾಯಿತೆಂದು ಆತನಿಗೆ ಹೇಳಲು ಧೈರ್ಯವಿತ್ತೆ?" ಎಂದು ಕೇಳಿರಿ. ಎಲ್ಲಕ್ಕೂ ಮಿಗಿಲಾಗಿ ಒಂದು ಪ್ರಶ್ನೆಯುಂಟು: ತನ್ನ ಆಪ್ತಮಿತ್ರನೇ ಮುಂದಾಳಾಗಲು ಬಂದು, ಅವನು ಸಿದ್ಧನಾಗಿಲ್ಲವೆಂದು ಕಂಡರೆ, ಅವನಿಗೆ 'ಇಲ್ಲ' ಎಂದು ಹೇಳಬಲ್ಲನೆ? ಹೇಳಲಾರದವನು ಒಳ್ಳೆಯ ಮನುಷ್ಯನಿರಬಹುದು. ಆ ಸ್ಥಾನಕ್ಕೆ ತಕ್ಕವನಲ್ಲ.

ನಮ್ಮ ನಾಡಿನ ಮಾತನ್ನೂ ಹೇಳಬೇಕು. ೧೯೫೪ರಲ್ಲಿ ಸ್ಥಾಪಿತವಾದ ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಯಂತಹ ಕಡೆಗಳಲ್ಲಿ ಪ್ರಾಥಮಿಕ ಶಿಕ್ಷಣ, ಉನ್ನತ ಶಿಕ್ಷಣ, ಅನಂತರ ಬೋಧನಾಕ್ರಮದ ಶಿಕ್ಷಣ ಎಂಬ ಮೆಟ್ಟಿಲುಗಳುಂಟು. ಹತ್ತುವುದು ಬೇರೆ, ಹತ್ತಿಸುವುದು ಬೇರೆ ಎಂಬುದನ್ನು ಈ ಏರ್ಪಾಡೇ ಒಪ್ಪಿಕೊಂಡಿದೆ. ಇಷ್ಟಾದರೂ ಪರ್ವತವು ಯಾರಿಗೂ ಅಭಯ ಕೊಟ್ಟಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ದ್ರೌಪದೀ ಕಾ ಡಾಂಡಾ ಶಿಖರದ ಹಿಮಪಾತದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ೨೫ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಶಿಕ್ಷಕರೂ ಇದ್ದರು. ೨೦೨೪ರ ಜೂನಿನಲ್ಲಿ ಸಹಸ್ರತಾಲದ ದಾರಿಯಲ್ಲಿ ಹವೆ ಕೆಟ್ಟು, ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡದ ೯ ಮಂದಿ ಪ್ರಾಣ ಬಿಟ್ಟರು. ಒಳ್ಳೆಯ ಆಯ್ಕೆಯು ಅಪಾಯವನ್ನು ಅಳಿಸುವುದಿಲ್ಲ. ನಮ್ಮ ಕೈಯಲ್ಲಿರುವ ತಪ್ಪುಗಳನ್ನು ಮಾತ್ರ ಕಡಿಮೆ ಮಾಡುವುದು. ಅಷ್ಟೇ ನಮ್ಮ ಪಾಲಿನ ಕರ್ತವ್ಯವು.

ವಾಚಕರ ಮಕ್ಕಳೂ ಕುಮಾರಪರ್ವತಕ್ಕೋ ಕೊಡಚಾದ್ರಿಗೋ ಶಾಲೆಯ ವತಿಯಿಂದ ಹೊರಡುವರು. ಇಂಬಳಗಳಿಗೆ ಉಪ್ಪು ಕಟ್ಟಿಕೊಡುವುದರೊಂದಿಗೆ ಮೂರು ಮಾತುಗಳನ್ನು ವಿನಯದಿಂದ ಕೇಳಿರಿ: ಮಕ್ಕಳನ್ನು ನಡೆಸುವವರಿಗೆ ಕಲಿಸಿದವರು ಯಾರು? ಎಲ್ಲರಿಗಿಂತ ನಿಧಾನವಾದ ಮಗುವಿನ ಜೊತೆಯಲ್ಲಿ ನಡೆಯುವವರು ಯಾರು? ಹವೆ ಕೆಟ್ಟರೆ ಹಿಂದಿರುಗಬೇಕೆಂದು ಹೇಳುವ ಅಧಿಕಾರವು ಯಾರದು? ಉತ್ತರ ಬಂದರೆ ಸಂತೋಷದಿಂದ ಕಳುಹಿಸಿರಿ. ಪ್ರಶ್ನೆಗೇ ಕೋಪ ಬಂದರೆ ಅದೂ ಒಂದು ಉತ್ತರವೆಂದು ತಿಳಿಯಿರಿ.

ಕಳೆದ ವಾರ ಹುಡುಗಿಯ ಪತ್ರವು ಮತ್ತೆ ಬಂದಿತು. ದಾರಿ ತಪ್ಪಿದುದನ್ನು ಬರೆದಿಟ್ಟವಳನ್ನೇ ಸಮಿತಿಯು ಆರಿಸಿತಂತೆ. ಸಾಹಸಿಯಾದ ಹುಡುಗನು ಒಂದು ವರ್ಷ ಬೇರೆ ಶಿಕ್ಷಕರ ಜೊತೆಯಲ್ಲಿದ್ದು ಕಲಿಸುವುದನ್ನು ಕಲಿಯಬೇಕೆಂದು ತೀರ್ಮಾನವಾಯಿತಂತೆ. ಅದನ್ನು ಅವನಿಗೆ ತಿಳಿಸುವ ಕೆಲಸವು ನಮ್ಮ ಹುಡುಗಿಯ ಪಾಲಿಗೇ ಬಿದ್ದಿತು. ಅವನು ಆಕೆಯ ಸ್ನೇಹಿತನೇ. "ಹೇಳುವಾಗ ನನ್ನ ಧ್ವನಿ ನಡುಗಿತು, ಚಿಕ್ಕಪ್ಪಾ, ಅವನು ಈಗ ನನ್ನೊಡನೆ ಮಾತನಾಡುತ್ತಿಲ್ಲ" ಎಂದು ಆಕೆಯು ಬರೆದಿದ್ದಾಳೆ.

ಆ ಪತ್ರವನ್ನು ಅತ್ತಿಗೆಯವರಿಗೆ ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗನಿಗೂ ಒಬ್ಬಳು ತಾಯಿ ಇರುವಳಷ್ಟೆ, ಇಂದಲ್ಲದಿದ್ದರೆ ನಾಳೆ ಅವಳಾದರೂ ಇದನ್ನು ಒಪ್ಪುವಳು" ಎಂದರು.