ಮಳೆಯ ಲೆಕ್ಕ

ಚೈತ್ರಮಾಸ ಮುಗಿಯುವ ಹೊತ್ತಿಗೆ ನಮ್ಮೂರಿನ ಅರಳಿಕಟ್ಟೆಯ ಮೇಲೆ ಒಂದು ಸಭೆ ತಾನಾಗಿಯೇ ಸೇರತೊಡಗುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ಆಹ್ವಾನಪತ್ರಿಕೆಯಿಲ್ಲ. ಬಿಸಿಲು ಇಳಿಯುತ್ತಿದ್ದಂತೆ ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರು, ನಾಲ್ಕು ಎಕರೆ ಖುಷ್ಕಿ ಜಮೀನಿನ ಗೌಡರು, ತೆಂಗಿನಕಾಯಿ ವ್ಯಾಪಾರಿಯೊಬ್ಬರು, ಇವರ ಜೊತೆಗೆ ನಾನು, ಒಬ್ಬೊಬ್ಬರಾಗಿ ಬಂದು ಕೂಡುತ್ತೇವೆ. ನಮ್ಮದು ತುಮಕೂರು ಸೀಮೆಯ ಬಯಲು. ಕೆರೆಯಲ್ಲಿ ನೀರು ನಿಂತ ವರ್ಷಕ್ಕಿಂತ ನಿಲ್ಲದ ವರ್ಷವೇ ನೆನಪಿನಲ್ಲಿ ಹೆಚ್ಚಾಗಿರುವ ನೆಲ. ಆದುದರಿಂದ ಕಟ್ಟೆಯ ಮಾತು ಎಲ್ಲಿಂದಲೇ ಪ್ರಾರಂಭವಾಗಲಿ, ಕಾಲು ಗಂಟೆಯೊಳಗೆ ಮಳೆಗೆ ಬಂದು ನಿಲ್ಲುತ್ತದೆ.

ಹೊಂಗೆ ಈ ಸಲ ಬೇಗ ಚಿಗುರಿತು ಎಂದು ಒಬ್ಬರು. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಏರುತ್ತಿವೆ ಎಂದು ಇನ್ನೊಬ್ಬರು. ಗಾಳಿ ಮೂಡಲಿಂದ ತಿರುಗಿದೆ, ಇಂದೋ ನಾಳೆಯೋ ಗುಡುಗೀತು ಎಂದು ಮೂರನೆಯವರು. ಪೇಟೆಯಲ್ಲಿ ಓದಿ ಬಂದ ತರುಣರು ಇದನ್ನು ಕೇಳಿ ನಗುವುದುಂಟು. ಹೇಳಲು ಬೇರೆ ವಿಷಯವಿಲ್ಲದವರು ಹವೆಯ ಮಾತನಾಡುತ್ತಾರೆ ಎಂಬುದು ಅವರ ಅಭಿಪ್ರಾಯ. ಇದನ್ನು ನಾನು ಒಪ್ಪಲಾರೆ. ಬಿತ್ತನೆಯ ಬೀಜ, ಗೊಬ್ಬರದ ಸಾಲ, ಮಗಳ ಮದುವೆ, ಇವೆಲ್ಲವೂ ಒಂದು ಮೋಡಕ್ಕೆ ತಗಲಿಕೊಂಡಿರುವಾಗ ಆ ಮೋಡದ ಮಾತು ಕಾಲಹರಣವಾಗುವುದು ಹೇಗೆ?

ನಮ್ಮ ರೈತರು ವರ್ಷವನ್ನು ತಿಂಗಳುಗಳಿಂದ ಎಣಿಸುವುದಕ್ಕಿಂತ ಹೆಚ್ಚಾಗಿ ಮಳೆಗಳಿಂದ ಎಣಿಸುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13ರಿಂದ 14 ದಿನ ಇರುತ್ತಾನೆ. ಆ ಅವಧಿಯಲ್ಲಿ ಬಿದ್ದುದು ಆ ನಕ್ಷತ್ರದ ಮಳೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಮೊದಲ ವಾರ ಕಳೆದೊಡನೆ ಮೃಗಶಿರ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಈ ಮಳೆಗೆ ಹೊಲ ಹದವಾದರೆ ಉತ್ತು, ಎಳ್ಳು, ಹೆಸರು, ಅಲಸಂದೆ ಬಿತ್ತಬಹುದು. ಅವನ್ನು ಕಿತ್ತು ರಾಗಿಗೆ ನೆಲವನ್ನು ಅಣಿಮಾಡಬಹುದು. ಮಲೆನಾಡಿನ ಮತ್ತು ಕೊಡಗಿನ ಕಾಫಿ ಬೆಳೆಗಾರರಿಗೂ ಬೇಸಗೆಯ ಮೊದಲ ಮಳೆಯೇ ಪ್ರಾಣ. ಅದನ್ನು ಅವರು ಹೂಮಳೆ ಎನ್ನುತ್ತಾರೆ. ಆ ಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅನಂತರ ಇನ್ನೊಂದು ಮಳೆ ಬಂದು ಕೈಹಿಡಿಯದಿದ್ದರೆ ಅರಳಿದ ಹೂವು ಕಾಯಿಯಾಗುವುದು ಕಷ್ಟ.

ಬೇಸಗೆಯ ಈ ಮಳೆಗೂ ಮುಂಗಾರಿಗೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಮುಂಗಾರು ಸಾಗರದ ಮೇಲಿಂದ ದಂಡೆತ್ತಿ ಬರುವ ಸೈನ್ಯ; ದಿನಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ. ಏಪ್ರಿಲ್ ಮೇ ತಿಂಗಳ ಮಳೆಯಾದರೋ ಬಹುಮಟ್ಟಿಗೆ ಆಯಾ ನೆಲದಲ್ಲೇ ಹುಟ್ಟಿದ್ದು. ಬೆಳಗಿನಿಂದ ಕಾದ ನೆಲವು ತನ್ನ ಮೇಲಣ ಗಾಳಿಯನ್ನು ಕಾಯಿಸಿ ಮೇಲಕ್ಕೆ ಕಳುಹಿಸುತ್ತದೆ. ಕಡಲಿನ ಕಡೆಯಿಂದ ತೇವವಾದ ಗಾಳಿ ಅಷ್ಟುಹೊತ್ತಿಗೆ ಬಂದು ಕೂಡಿಕೊಂಡಿದ್ದರೆ, ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಆ ಹಬೆ ಬೆಟ್ಟದಂತಹ ಮೋಡವಾಗಿ ನಿಲ್ಲುತ್ತದೆ. ಮೊದಲು ಧೂಳು, ಆಮೇಲೆ ಗುಡುಗು ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತದೆ. ಒಂದು ಊರಿನಲ್ಲಿ ಚರಂಡಿ ತುಂಬಿ ಹರಿದರೆ ಎರಡು ಮೈಲಿ ಆಚೆಯ ಊರಿನಲ್ಲಿ ಅಂಗಳದ ಧೂಳೂ ಅಡಗಿರುವುದಿಲ್ಲ. ಇಂತಹ ಮಳೆಯನ್ನು ನಂಬಿ ಮುಂದಿನ ತಿಂಗಳ ಮಾತು ಹೇಳುವುದು ಅಪಾಯಕರ.

ಆ ಅಪಾಯವನ್ನು ನಾನು ಬಲ್ಲೆ. ಏಕೆಂದರೆ ಅಂತಹ ಮಾತನ್ನು ಒಮ್ಮೆ ನಾನೇ ಆಡಿದ್ದೇನೆ. 2023ರ ಮೇ ತಿಂಗಳಲ್ಲಿ ನಮ್ಮ ಕಡೆ ಒಳ್ಳೆಯ ಮಳೆಯಾಗಿತ್ತು. ಕೃತ್ತಿಕೆ ಮುಗಿಯುವ ಹೊತ್ತಿಗೆ ಗೌಡರು ಕಟ್ಟೆಗೆ ಬಂದು, “ಮೇಷ್ಟ್ರೇ, ಹೆಸರು ಹಾಕಲೋ, ಇನ್ನೊಂದು ಮಳೆ ನೋಡಲೋ?” ಎಂದು ಕೇಳಿದರು. “ಕೃತ್ತಿಕೆ ಹೀಗೆ ಸುರಿದ ವರ್ಷ ಮೃಗಶಿರ ಕೈಬಿಟ್ಟದ್ದನ್ನು ನಾನು ಕಂಡಿಲ್ಲ, ಧೈರ್ಯವಾಗಿ ಹಾಕಿ” ಎಂದೆ. ಹಾಗೆ ಹೇಳುವುದಕ್ಕೆ ನನ್ನಲ್ಲಿ ಇದ್ದ ಆಧಾರ ನನ್ನ ವಯಸ್ಸು ಮಾತ್ರ. ಆ ವರ್ಷ ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುವ ಮುಂಗಾರು 8ರಂದು ಮುಟ್ಟಿತು. ಅದೇ ದಿನಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ತೇವವನ್ನೆಲ್ಲ ತನ್ನೊಡನೆ ಗುಜರಾತಿನತ್ತ ಎಳೆದೊಯ್ದಿತು. ಜೂನ್ ಇಡೀ ಒಣಗಿತು. ಹೂವಿಗೆ ಬಂದ ಹೆಸರು ಕಾಯಿ ತುಂಬದೆ ನಿಂತಿತು. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಗೌಡರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಾಗುತ್ತಿತ್ತು.

ಅಂದಿನಿಂದ ನನಗೆ ನನ್ನ ನೆನಪಿನ ಮೇಲೆ ಅನುಮಾನ. ಅಟ್ಟದಿಂದ ನನ್ನ ತಂದೆಯವರ ಹಳೆಯ ಲೆಕ್ಕದ ಪುಸ್ತಕಗಳನ್ನು ಇಳಿಸಿ ನೋಡಿದೆ. ಹಾಲಿನ ಲೆಕ್ಕ, ಆಳಿನ ಕೂಲಿ ಇವುಗಳ ನಡುವೆ ಅವರು ಮಳೆಯನ್ನೂ ಗುರುತು ಹಾಕಿದ್ದರು: “ಭರಣಿ ಬರಲಿಲ್ಲ”, “ರೋಹಿಣಿ ಅರ್ಧ ಹದ”. ನನ್ನ ಬಾಲ್ಯದಲ್ಲಿ ಮಳೆಗಳು ಹೇಳಿ ಕಳುಹಿಸಿದಂತೆ ಬರುತ್ತಿದ್ದವೆಂದು ನಾನು ಮೂವತ್ತು ವರ್ಷ ಪಾಠದ ನಡುವೆ ಹೇಳಿಕೊಂಡು ಬಂದಿದ್ದೆ. ಆ ಪುಸ್ತಕದಲ್ಲಿ ನನ್ನ ಬಾಲ್ಯದ ಮೂರು ವರ್ಷಗಳು ಒಂದರ ಮೇಲೊಂದರಂತೆ ಭರಣಿಯಿಲ್ಲದೆ ಕಳೆದಿದ್ದವು! ಮನುಷ್ಯನು ತಾನು ನೆನೆದ ಮಳೆಯನ್ನು ನೆನಪಿಡುತ್ತಾನೆ. ಬಾರದ ಮಳೆಯನ್ನು ಮರೆಯುತ್ತಾನೆ.

ಹಾಗಾದರೆ ಗಾದೆಗಳನ್ನು ಬಿಟ್ಟುಬಿಡೋಣವೇ? ಬೇಡ. ಆದರೆ ಅವುಗಳ ಮಿತಿಯನ್ನು ತಿಳಿದಿರಬೇಕು. ಪಂಚಾಂಗದ ನಕ್ಷತ್ರಗಳು ಸ್ಥಿರ ತಾರೆಗಳನ್ನು ಅನುಸರಿಸುತ್ತವೆ. ಋತುಗಳಾದರೋ ಹಗಲಿರುಳು ಸಮನಾಗುವ ವಿಷುವವನ್ನು ಅನುಸರಿಸುತ್ತವೆ. ಇವೆರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಆರನೆಯ ಶತಮಾನದಲ್ಲಿ ಬೃಹತ್ಸಂಹಿತೆಯನ್ನು ರಚಿಸಿ ಮಳೆಯ ಲಕ್ಷಣಗಳಿಗೆ ಅದರಲ್ಲಿ ಅಧ್ಯಾಯಗಳನ್ನೇ ಮೀಸಲಿಟ್ಟ ವರಾಹಮಿಹಿರನ ಕಾಲಕ್ಕೂ ನಮ್ಮ ಕಾಲಕ್ಕೂ ಹೀಗೆ ಮೂರು ವಾರಗಳ ವ್ಯತ್ಯಾಸ ಬಿದ್ದಿದೆ. ಮುನ್ನೂರು ವರ್ಷದ ಗಾದೆಯಾದರೆ ನಾಲ್ಕು ದಿನದ ವ್ಯತ್ಯಾಸ, ಅದು ದೊಡ್ಡದಲ್ಲ. ಆದರೆ ಮಳೆಯ ನಡೆಯಲ್ಲೇ ಈಗ ಕಾಣುವ ಏರುಪೇರು ನಾಲ್ಕು ದಿನದ್ದಲ್ಲ. 2024ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿಗೆ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. 1983ರ ಬಳಿಕ ಹೀಗಾದುದು ಅದೇ ಮೊದಲು. ಅದೇ ಊರಿನಲ್ಲಿ ಅದೇ ವರ್ಷ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಸುರಿಯಿತು. ಮರುವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತು. ಈ ಮೂರು ಸಂಗತಿಗಳನ್ನು ಯಾವ ಗಾದೆಯೊಳಗೆ ಹೊಂದಿಸೋಣ?

ಇವುಗಳನ್ನು ನಾವು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದುದು ಯಾರೋ ದಿನವೂ ಅಳೆದು ಬರೆದಿಟ್ಟದ್ದರಿಂದ. ಅಳೆಯುವುದು ಪರದೇಶದಿಂದ ಬಂದ ವಿದ್ಯೆಯೇನೂ ಅಲ್ಲ. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಸಿದೆ. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಮಾಪನಕೇಂದ್ರಗಳಲ್ಲಿ ಇಂದಿಗೂ ಬೆಳಗ್ಗೆ 8.30ಕ್ಕೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ನೋಡುತ್ತಾರೆ. 2.5 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಮಳೆಯ ದಿನವೆಂದು ಅವರು ಎಣಿಸುವುದೇ ಇಲ್ಲ.

ನಿಮ್ಮ ಶಾಲೆಯ ಬಯಲಿನಲ್ಲಿಯೂ ಇದನ್ನು ಮಾಡಬಹುದು. ಬಾಯಿಂದ ತಳದವರೆಗೆ ಒಂದೇ ಅಗಲವುಳ್ಳ, ತಳ ಮಟ್ಟವಾದ ಡಬ್ಬವೊಂದು ಸಾಕು. ಅದನ್ನು ಮರದ ಕೆಳಗೆ, ಸೂರಿನ ಅಂಚಿಗೆ ಇಡಬಾರದು. ಬೆಳಗ್ಗೆ ಅಳತೆಪಟ್ಟಿಯನ್ನು ಇಳಿಸಿ ನೀರು ಎಷ್ಟು ಮಿಲಿಮೀಟರ್ ನಿಂತಿದೆಯೆಂದು ನೋಡಿ ಬರೆಯಬೇಕು. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು; ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ತುಸು ಹೆಚ್ಚು. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಲು ಮರೆಯಬೇಡಿ. ನಮ್ಮ ಕಟ್ಟೆಯವರು ಮರೆಯುವುದು ಆ ಸೊನ್ನೆಗಳನ್ನೇ.

ಈಗ ನನ್ನ ಹಿತ್ತಿಲಿನಲ್ಲಿ ಅಂತಹ ಡಬ್ಬವಿದೆ, ಮೇಜಿನ ಮೇಲೆ ಒಂದು ನೋಟುಬುಕ್ಕಿದೆ. ಕಟ್ಟೆಯ ಚರ್ಚೆ ನಿಂತಿಲ್ಲ. ಇನ್ನಷ್ಟು ಬಿಸಿಯಾಗಿದೆ ಎಂದೇ ಹೇಳಬೇಕು, ಏಕೆಂದರೆ ಸೋತವರು ಪುಸ್ತಕ ತರಿಸಿ ನೋಡುತ್ತಾರೆ. ಮೊನ್ನೆ ಭರಣಿಯ ಒಂದು ಸಂಜೆ ಮೋಡ ಕವಿದು, ತೆಂಗಿನ ಗರಿಗಳನ್ನು ಮುರಿದುಹಾಕುವ ಗಾಳಿ ಬೀಸಿ, ದಪ್ಪ ಹನಿಗಳು ಬಿದ್ದವು. ಮಣ್ಣಿನ ವಾಸನೆಗೆ ಊರೆಲ್ಲ ಬಾಗಿಲಿಗೆ ಬಂದು ನಿಂತಿತು. ಬೆಳಗ್ಗೆ ಗೌಡರು ಹಿತ್ತಿಲ ಬೇಲಿಯ ಆಚೆ ನಿಂತು, “ಎಷ್ಟಾಯಿತು ಮೇಷ್ಟ್ರೇ?” ಎಂದರು.

“ನಾಲ್ಕು ಮಿಲಿಮೀಟರ್, ಗೌಡರೇ.”

“ಅಷ್ಟಕ್ಕೆ ಬೇರು ನೆನೆಯೋದಿಲ್ಲ” ಎಂದು ಹೇಳಿ, ಹೆಗಲ ಮೇಲಿದ್ದ ಬೀಜದ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮನೆಯ ಕಡೆಗೆ ತಿರುಗಿದರು.