ಮನೆಯೊಳಗಿನ ಪಂಕ್ತಿಭೇದ

ಜೂನ್ ತಿಂಗಳು ಸಮೀಪಿಸಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಅನೇಕ ಯಜಮಾನರು ಒಂದು ವಿಚಿತ್ರ ಲೆಕ್ಕಕ್ಕೆ ಕೂಡ್ರುವರು. ಮಕ್ಕಳು ಮೂವರು, ಖಾಸಗಿ ಇಂಗ್ಲೀಷು ಶಾಲೆಗೆ ಹಣ ಸಾಲುವದು ಒಬ್ಬರಿಗೆ. ಆ ಒಬ್ಬರು ಯಾರೆಂಬುದು ಲೆಕ್ಕಕ್ಕೆ ಕೂಡ್ರುವ ಮೊದಲೇ ನಿಶ್ಚಿತವಾಗಿರುವದು: ಗಂಡುಮಗನು. ಅಕ್ಕತಂಗಿಯರು ಊರ ಸರಕಾರಿ ಕನ್ನಡ ಶಾಲೆಗೆ. ಇದನ್ನು ಮಿತವ್ಯಯವೆನ್ನುವ ರೂಢಿಯುಂಟು. ನಾವಾದರೋ ಪಂಕ್ತಿಭೇದವೆನ್ನುವೆವು.

ಲೆಕ್ಕವನ್ನು ನಮ್ಮ ಸೀಮೆಯ ಅಳತೆಯಿಂದಲೇ ಮಾಡೋಣ. 2025ನೆಯ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲಿರುಳು ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು. ಕೊನೆಗೆ 3,300ಕ್ಕೆ ಮಾತು ನಿಂತಿತು. ಶುಲ್ಕ, ಬಸ್ಸು, ಸಮವಸ್ತ್ರ, ಪುಸ್ತಕ ಎಲ್ಲ ಸೇರಿ ಒಂದು ಮಗುವಿಗೆ ವರ್ಷಕ್ಕೆ 30,000 ರೂಪಾಯಿ ಎಂದಿಟ್ಟುಕೊಂಡರೆ ಮೂವರಿಗೆ 90,000. ಅಂದರೆ 27 ಟನ್ನಿಗೂ ಮಿಕ್ಕಿದ ಕಬ್ಬು. ಅದೂ ಬೀಜ, ಗೊಬ್ಬರ, ಕೂಲಿಗಳನ್ನು ಕಳೆಯುವದಕ್ಕೆ ಮುಂಚೆ. ಅದೂ ಒಂದೇ ವರ್ಷದ್ದು. ಮನೆಪಾಠದ ಹಣ ಬೇರೆ. ಟನ್ನಿಗೆ ನೂರಿನ್ನೂರು ರೂಪಾಯಿಗಾಗಿ ರಸ್ತೆಯಲ್ಲಿ ರಾತ್ರಿ ಕಳೆದ ರೈತನು ಶುಲ್ಕವೇರಿದ ಚೀಟಿ ಕೈಗೆ ಬಂದಾಗ ತುಟಿ ಬಿಚ್ಚುವದಿಲ್ಲ. ಆಶ್ಚರ್ಯವಲ್ಲವೇ?

ಸರಕಾರಿ ಶಾಲೆಯಲ್ಲಿ ಇಂಗ್ಲೀಷಿಲ್ಲ, ಮಾಸ್ತರರಿಲ್ಲ ಎಂದು ಕೆಲವರು ಆಕ್ಷೇಪಿಸುವರು. ಇಂಗ್ಲೀಷಿನ ಮಾತು ಹಳತಾಯಿತು. ಒಂದನೆಯ ಇಯತ್ತೆಯಿಂದಲೇ ಅದನ್ನು ಒಂದು ಭಾಷೆಯಾಗಿ ಕಲಿಸುತ್ತಿರುವರು. 2019ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲೀಷು ಮಾಧ್ಯಮದ ವರ್ಗಗಳನ್ನೂ ತೆರೆಯಲು ಹೊರಟರು. (ಇದರಿಂದ ಕನ್ನಡಕ್ಕೆ ಒಳಿತಾಯಿತೆಂದು ನಾವು ಹೇಳಲಾರೆವು.) ಮಾಸ್ತರರ ಕೊರತೆಯಾದರೋ ಅನೇಕ ಊರುಗಳಲ್ಲಿ ನಿಜ. ಆದರೆ ಮಾಸ್ತರರಿಲ್ಲದ ಶಾಲೆಯು ಮಗಳಿಗೆ ಸಾಕೆಂದ ಬಳಿಕ ಮಗನಿಗೆ ಏಕೆ ಸಾಲದು? ಈ ಪ್ರಶ್ನೆಗೆ ನಮಗೆ ಈವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಕ್ಕು ಮಾತು ತೇಲಿಸಿದವರು ಬಹಳ.

ವಿದ್ಯೆಯ ವೆಚ್ಚವನ್ನು ಒಬ್ಬ ತಂದೆಯ ಜೇಬಿನಿಂದಷ್ಟೇ ಅಳೆಯುವದು ಈ ಸೀಮೆಯ ಸಂಪ್ರದಾಯವೂ ಅಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರ ಓದು ಬಡತನದಿಂದ ನಿಂತಾಗ ಹೈಸ್ಕೂಲಿನ ಖರ್ಚು ಹೊತ್ತವರು ಸಾವಳಗಿಯ ಸಿದ್ಧರಾಮ ಸ್ವಾಮಿಗಳು. ಆ ವಿದ್ಯಾರ್ಥಿಗೆ ಮುಂದೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದದ್ದನ್ನು ವಾಚಕರು ಬಲ್ಲರು.

ಪ್ರತಿಯೊಂದು ಸರಕಾರಿ ಶಾಲೆಗೂ ಪಾಲಕರೊಳಗಿಂದ ಆರಿಸಿದ ಮೇಲುಸ್ತುವಾರಿ ಸಮಿತಿಯುಂಟು. ಊರಿನ ಬಲವುಳ್ಳವರು ಅದರ ಸಭೆಗೆ ಹಾಯುವದಿಲ್ಲ. ಅವರ ಮಗನು ಅಲ್ಲಿಲ್ಲವಷ್ಟೆ! ಮಗಳು ಅಲ್ಲಿಯೇ ಇರುವಳೆಂಬುದು ಅವರಿಗೆ ನೆನಪಾಗುವದಿಲ್ಲ. ಖಾಸಗಿ ಶಾಲೆಗೆ ಕಳಿಸುವದಾದರೆ ಮೂವರನ್ನೂ ಕಳಿಸಲಿ. ಆಗದಿದ್ದರೆ ಮೂವರನ್ನೂ ಊರ ಶಾಲೆಯ ಒಂದೇ ಸೂರಿನಡಿ ಕೂಡ್ರಿಸಿ, ತೆರವಾದ ಮಾಸ್ತರರ ಜಾಗಗಳ ಯಾದಿ ಹಿಡಿದು, ಚಿಕ್ಕೋಡಿಯ ಶಿಕ್ಷಣ ಉಪನಿರ್ದೇಶಕರ ಕಚೇರಿಯ ಮುಂದೆ ಗುರ್ಲಾಪುರದಲ್ಲಿ ಕುಳಿತಂತೆ ಕುಳಿತುಕೊಳ್ಳಲಿ.